ಹರಳೆಣ್ಣೆ ಕುಡಿದ ಬಂದೂಕು

ಇಡೀ ಜಗಳೂರು ತಾಲ್ಲೂಕಿನಲ್ಲಿ ಬಂದೂಕಿನಿಂದ ಅತಿ ಹೆಚ್ಚು ಪೆಟ್ಟು ತಿಂದ ಪ್ರಾಣಿ ಯಾವುದು ಎಂದು ಕೇಳಿದರೆ ನಾನು ಕಾಡುಹಂದಿ ಎನ್ನುವುದಿಲ್ಲ. ನಮ್ಮ ಸೋದರಮಾವ ಎನ್ನುತ್ತೇನೆ! ಹಂದಿಗಳ ಮೈಮೇಲೆ ಒಂದು ಗೀರು ಬಿದ್ದದ್ದನ್ನೂ ಕಂಡವರಿಲ್ಲ. ಮಾವನ ಬಲಭುಜ ಮಾತ್ರ ಶೇಂಗಾ ಬೆಳೆ ಇರುವಷ್ಟು ದಿನವೂ ನೇರಳೆ ಹಣ್ಣಿನ ಬಣ್ಣದಲ್ಲಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನಾಗ ಜಗಳೂರಿನಲ್ಲಿ ಹೊಸದಾಗಿ ಟೀಚರಾಗಿ ಸೇರಿದ್ದೆ. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ಸೊಕ್ಕೆಯ ಮಾವನ ಮನೆ ಸೇರುವುದು, ಸೋಮವಾರ ಮೊದಲ ಬಸ್ಸಿಗೆ ಹಿಂದಿರುಗುವುದು. ಬಂದೂಕು ಮೂಲತಃ ಅತ್ತೆಯ ತಂದೆಯದು, ನ್ಯಾಮತಿ ಕಡೆಯವರದು. ಅವರು ಮುದುಕರಾದಾಗ, ಅಳಿಯನಿಗೆ ಬೆಳೆ ಕಾಯಲಿಕ್ಕಾಗುತ್ತದೆಂದು ಲೈಸೆನ್ಸನ್ನು ಇವರ ಹೆಸರಿಗೆ ಮಾಡಿಸಿಕೊಟ್ಟಿದ್ದರು. ಹಳೆಯ ವಿಲಾಯಿತಿ ಮಾಲು. ಒಂದು ತೋಟಾ ಹಾರಿದ ಕೂಡಲೇ ಅದರ ಖಾಲಿ ಕೊಳವೆಯನ್ನು ತಾನೇ ಉಗುಳಿ, ಇನ್ನೊಂದು ತೋಟಾವನ್ನು ತಾನೇ ತುಂಬಿಕೊಳ್ಳುತ್ತಿತ್ತು. ಆದರೆ ಎರಡನೆಯದರ ಹೊತ್ತಿಗೆ ಮಾವ ನೆಲದ ಮೇಲಿರುತ್ತಿದ್ದುದರಿಂದ ಆ ಸೌಲಭ್ಯ ಯಾರ ಉಪಯೋಗಕ್ಕೂ ಬರಲಿಲ್ಲ!

ಒಂದು ಸಂಜೆ ನಾನೇ ಕಣ್ಣಾರೆ ಕಂಡೆ. ಹೊಲಕ್ಕೆ ಹಂದಿಗಳ ಹಿಂಡು ನುಗ್ಗಿತ್ತು. ಮಾವ ಆಕಾಶಕ್ಕೆ ಗುರಿಯಿಟ್ಟರು. ಅವರು ಜೀವ ತೆಗೆಯುವ ಆಸಾಮಿಯಲ್ಲ, ಸದ್ದು ಮಾಡಿ ಓಡಿಸಿದರೆ ಸಾಕು ಎನ್ನುವವರು. ಢಂ! ನೋಡಿದರೆ ಮಾವನೇ ಇಲ್ಲ. ಬದುವಿನ ಆಚೆ ಅಂಗಾತ ಬಿದ್ದಿದ್ದರು. ಹಿಂಡಿನ ಕೊನೆಯ ಹಂದಿ ಒಂದು ಕ್ಷಣ ನಿಂತು, ಅವರ ಕಡೆ ನೋಡಿ, ಆಮೇಲೆ ಓಡಿತು. ಅದಕ್ಕೂ ಪಾಪ ಅನ್ನಿಸಿರಬೇಕು.

"ಓಡಿದುವಾ?" ಎಂದರು ಮಲಗಿದ್ದಲ್ಲಿಂದಲೇ.

"ಓಡಿದವು ಮಾವ, ನೀವು ಏಳ್ರಿ."

"ಹಂಗಾದ್ರೆ ಕೆಲಸ ಆಯ್ತಲ್ಲ. ಒಂದು ಕೈ ಕೊಡವ್ವಾ!"

ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಕೊಡುವ ಈ ಒದೆ ತಪ್ಪಿಸಲು ಮಾವ ಮಾಡದ ಉಪಾಯವಿಲ್ಲ. ಮೊದಲು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಭುಜದ ಮೇಲೆ ಹೊದ್ದರು. ಕೌದಿ ಕಣ್ಣಿಗೆ ಅಡ್ಡ ಬಂತು. ಆಮೇಲೆ ಬಂದೂಕಿನ ಹಿಂಬದಿಯ ಮರಕ್ಕೆ ಸೈಕಲ್ ಟ್ಯೂಬು ಸುತ್ತಿದರು. ಅದು ಜಾರಿ ಒದೆ ಗಲ್ಲಕ್ಕೆ ಬಿತ್ತು. ಕೊನೆಗೆ ಜಗಳೂರಿನ ಟೈಲರ್ ಹತ್ತಿರ ಹೋಗಿ, ಅಂಗಿಯ ಬಲಭುಜಕ್ಕೆ ಒಂದು ಸೇರು ಹತ್ತಿ ತುಂಬಿ ಹೊಲಿಯಲು ಹೇಳಿದರು.

"ಯಾವ ನಾಟಕ ಯಜಮಾನ್ರೇ? ರಾಜನ ಪಾರ್ಟಾ?" ಎಂದು ಕೇಳಿದ ಟೈಲರ್.

ಆ ಅಂಗಿ ಎಷ್ಟು ಚೆಂದ ಬಂತೆಂದರೆ, ಮಾವ ಅದನ್ನೇ ತೊಟ್ಟು ಹೊನ್ನಾಳಿಯ ಮದುವೆಯೊಂದಕ್ಕೆ ಹೋಗಿಬಿಟ್ಟರು! ಬೀಗರ ಕಡೆಯವರೆಲ್ಲ ಸಾಲಾಗಿ ಬಂದು, ಮೂಳೆ ಮುರಿದದ್ದು ಯಾವಾಗ ಎಂದು ವಿಚಾರಿಸಿಕೊಂಡು ಹೋದರು.

"ಅದನ್ನ ಠಾಣೆಗೆ ಕೊಟ್ಟು ಬರ್ರಿ. ತಗಡು ಬಡಿದ್ರೂ ಹಂದಿ ಓಡ್ತಾವೆ," ಎಂದರು ಅತ್ತೆ.

"ನಿಮ್ಮಪ್ಪಾರು ನಂಗೆ ಕೊಟ್ಟಿದ್ದು ಎರಡೇ. ಒಂದು ನೀನು, ಇನ್ನೊಂದು ಇದು. ಒದೀತೈತೆ ಅಂತ ಯಾವುದನ್ನೂ ಹಿಂದಕ್ಕೆ ಕಳಸಾಕಾಗಲ್ಲ!"

ಆಮೇಲೆ ಶುರುವಾಯಿತು ನೋಡಿ, ಎಣ್ಣೆಯ ಪ್ರಕರಣ. ಮಾವ ಹುಟ್ಟಾ ಬಂಡಿ ಹೊಡೆದವರು. ಬಂಡಿ ಕಿರುಗುಟ್ಟಿದರೆ ಅಚ್ಚಿಗೆ ಹರಳೆಣ್ಣೆ, ಬಾಗಿಲು ಕಿರುಗುಟ್ಟಿದರೆ ತಿರುಗಣಿಗೆ ಹರಳೆಣ್ಣೆ, ಸ್ವತಃ ತಮ್ಮ ಹೊಟ್ಟೆ ಗುಡುಗುಟ್ಟಿದರೂ ಹರಳೆಣ್ಣೆ! ಅಂಥವರು ಬಂದೂಕನ್ನು ಬಿಟ್ಟಾರೆಯೇ? "ಒದೀತೈತೆ ಅಂದ್ರೆ ಒಳಗೆ ಒಣಗೈತೆ ಅಂತ ಅರ್ಥ," ಎಂದವರೇ ನಳಿಗೆಯ ಕೆಳಗೆ ಎಡಗೈಯಲ್ಲಿ ಹಿಡಿಯುವ ಮರವನ್ನು ಬಿಚ್ಚಿ, ಅದರೊಳಗಿನ ಕೊಳವೆ, ಸ್ಪ್ರಿಂಗು, ಹಿತ್ತಾಳೆ ಬಳೆ ಎಲ್ಲಕ್ಕೂ ಅಭ್ಯಂಜನ ಮಾಡಿಸಿದರು. ಎಣ್ಣೆ ಅತ್ತೆಯದು, ತಲೆಗೆಂದು ಮನೆಯಲ್ಲೇ ಕಾಸಿಟ್ಟುಕೊಂಡದ್ದು.

ಬಂದೂಕು ಮೊದಲಿಗಿಂತ ಜೋರಾಗಿ ಒದೆಯಿತು. ಸಾಲಲಿಲ್ಲವೆಂದು ಮಾವ ಇನ್ನಷ್ಟು ಹಾಕಿದರು. ಅದು ಇನ್ನಷ್ಟು ಒದೆಯಿತು!

"ನನ್ ತಲೆಗೆ ವಾರಕ್ಕೊಂದು ಸತಿ ಎಣ್ಣೆ ಇಲ್ಲ, ಆ ಮುಂಡೇದಕ್ಕೆ ದಿನಾ!" ಎಂದು ಅತ್ತೆ ಗೊಣಗಿದರು. ಆ ತಿಂಗಳಲ್ಲೇ ಅವರು ಮನೆಯೊಳಗೂ ತಲೆತುಂಬ ಸೆರಗು ಹೊದೆಯತೊಡಗಿದ್ದರು. ಒಂದು ಕೂದಲೂ ಆಚೀಚೆ ಆಗದಂತೆ ಜಡೆ ಹಾಕಿಕೊಂಡಿರುತ್ತಿದ್ದ ನಮ್ಮ ಅತ್ತೆಗೆ ಇದೇನು ಹೊಸ ಮಡಿ ಎಂದುಕೊಂಡೆ.

ಒಂದು ಭಾನುವಾರ ಮಾವನ ಬಲಗೈ ಎದೆಯಿಂದ ಮೇಲಕ್ಕೆ ಏಳಲೇ ಇಲ್ಲ. ಮರುದಿನ ನಾನೇ ಜಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಭುಜ ಒತ್ತಿ ನೋಡಿ ಗದರಿದರು: "ಇನ್ನೊಂದು ನಾಲ್ಕು ಏಟು ತಿನ್ರಿ, ಆಮೇಲೆ ಈ ಕೈ ಹಿಂಗೇ ಜೋತು ಬೀಳ್ತದೆ."

ಮಾವನ ಮುಖ ಬಿಳಿಚಿಕೊಂಡಿತು. ಅಷ್ಟು ಒದೆ ತಿಂದರೂ ನಗುತ್ತಿದ್ದ ಮನುಷ್ಯ! "ಪೂರ್ತಿ ಮ್ಯಾಲೆ ಬ್ಯಾಡ ಡಾಕ್ಟ್ರೇ. ಕುಂತೋರ ತಲೆ ಮಟ್ಟಕ್ಕಾದ್ರೂ ಏಳತೈತಾ?"

ಇದೆಂಥ ಅಳತೆ! ಡಾಕ್ಟರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ.

ಆಮೇಲೆ ನನಗೆ ತಡೆಯಲಾಗಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದ ಸಾಹೇಬರೊಬ್ಬರು ಚನ್ನಗಿರಿಯಲ್ಲಿದ್ದಾರೆಂದು ನಮ್ಮ ಹೆಡ್‌ಮಾಸ್ತರು ಹೇಳಿದ್ದರು. ಮಾವನ ಕೈ ಭುಜದ ಮಟ್ಟಕ್ಕೆ ಏಳುತ್ತಲೇ ಕಂಬಳಿಯಲ್ಲಿ ಬಂದೂಕು ಸುತ್ತಿಕೊಂಡು ಹೊರಟೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರು, "ಏನ್ರೀ ಯಜಮಾನ್ರೇ ಅದು, ಕಬ್ಬಾ?" ಎಂದ. "ಬಂದೂಕ," ಎಂದರು ಮಾವ, ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ದಾವಣಗೆರೆಯವರೆಗೆ ಮೂವರ ಸೀಟಿನಲ್ಲಿ ನಾವಿಬ್ಬರೇ ಆರಾಮಾಗಿ ಕೂತು ಬಂದೆವು!

ಸಾಹೇಬರು ಬಂದೂಕು ಬಿಚ್ಚಿದರು. ಕೈಯೆಲ್ಲ ಜಿಡ್ಡಾಯಿತು. ಬೆರಳನ್ನು ಮೂಗಿಗೆ ಹಿಡಿದು ಕಣ್ಣು ದೊಡ್ಡದು ಮಾಡಿದರು.

"ಯಾ ಅಲ್ಲಾ! ಹರಳೆಣ್ಣೆ! ಇದೇನು ಬಂಡಿ ಅಚ್ಚೇನ್ರೀ?"

"ಮೆತ್ತಗೆ ಓಡಾಡ್ಲಿ ಅಂತ..." ಎಂದರು ಮಾವ.

"ಓಡಾಡಬಾರ್ದು ಅಂತಾನೇ ಇದನ್ನ ಇಟ್ಟಿರೋದು! ಗುಂಡು ಹೊಡದ್ರೆ ಈ ನಳಿಗೆ ಹಿಂದಕ್ಕೆ ಓಡಿ ಬರ್ತದೆ. ಈ ಹಿತ್ತಾಳೆ ಬಳೆ ಕೊಳವೇನ ಕಚ್ಕೊಂಡು ಅದನ್ನ ತಡೀತದೆ. ಇದು ಬ್ರೇಕು. ಸೈಕಲ್ ಬ್ರೇಕಿನ ರಬ್ಬರಿಗೆ ಯಾರಾದ್ರೂ ಎಣ್ಣೆ ಬಿಡ್ತಾರಾ?"

ಸಾಹೇಬರು ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿದರು. ಬಳೆಗಳನ್ನು ಹಾಕಿದ ಕ್ರಮವೇ ತಪ್ಪಾಗಿತ್ತಂತೆ. ಸಣ್ಣ ತೋಟಾಕ್ಕೆ ಇರಬೇಕಾದ ಹಾಗೆ ಇದ್ದುವು, ಮಾವ ಹಾರಿಸುತ್ತಿದ್ದುದು ದೊಡ್ಡವು. ಅದನ್ನು ಸರಿಪಡಿಸಿದರು. ಸೋತ ಸ್ಪ್ರಿಂಗು ಬದಲಾಯಿಸಿ, ಹಿಂಬದಿಗೆ ದಪ್ಪ ರಬ್ಬರು ಕೂರಿಸಿದರು. "ಈಗ ಹಿಡ್ಕಂಡು ತೋರ್ಸಿ," ಎಂದರು. ಮಾವ ಬಂದೂಕನ್ನು ಭುಜದಿಂದ ಮೂರು ಬೆರಳು ದೂರ ಹಿಡಿದರು.

"ದೂರ ನಿಂತು ಓಡಿ ಬಂದು ಗುದ್ದು ಅಂತ ನೀವೇ ಅದಕ್ಕೆ ಜಾಗ ಕೊಡ್ತೀರಲ್ರೀ! ಒತ್ತಿ ಹಿಡೀರಿ, ಮಗೂನ ಎತ್ಕೊಂಡಂಗೆ."

ಊರಾಚೆಯ ಹಾಳು ಕಲ್ಲುಗಣಿಗೆ ಹೋದೆವು. ಮಾವ ಬಂದೂಕನ್ನು ಒತ್ತಿ ಹಿಡಿದು ಕಣ್ಣು ಮುಚ್ಚಿ ಮನೆದೇವರನ್ನು ನೆನೆದರು. ನಾನು ಹಿಂದೆ ನಿಂತು, ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿದ್ದೆ. ಢಂ! ಮಾವ ನಿಂತೇ ಇದ್ದರು. ಒಂದು ಕಣ್ಣು ತೆರೆದರು.

"ಹಾರ್ತಾ?"

"ಹಾರಿತು ಮಾವ!"

"ಇಷ್ಟೇನಾ?" ಎಂದವರೇ ಆ ಬಂದೂಕು ಬಂದಂದಿನಿಂದ ಮೊದಲ ಬಾರಿಗೆ ಎರಡನೆಯ ತೋಟಾವನ್ನೂ ಹಾರಿಸಿದರು! ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎಷ್ಟೋ ವಾರಗಳಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು.

ಭುಜದ ನೇರಳೆ ಬಣ್ಣ ಹಳದಿಯಾಗಿ, ಹಳದಿ ಮಾಸಿ, ಕೈ ಮೆಲ್ಲಮೆಲ್ಲಗೆ ಇನ್ನಷ್ಟು ಮೇಲೇರತೊಡಗಿತು. ಒಂದು ಸೋಮವಾರ ಮೊದಲ ಬಸ್ಸಿಗೆಂದು ಬೇಗ ಎದ್ದು, ಮುಖ ತೊಳೆಯಲು ಹಿತ್ತಿಲ ಬಾಗಿಲು ತೆರೆದೆ. ಅತ್ತೆ ಕಟ್ಟೆಯ ಕೆಳಗೆ ಮಣೆಯ ಮೇಲೆ ಕೂತಿದ್ದರು, ಸೆರಗಿಲ್ಲದ ತಲೆ. ಮಾವ ಹಿಂದೆ ಕಟ್ಟೆಯ ಮೇಲೆ. ಪಕ್ಕದಲ್ಲಿ ಅದೇ ಹರಳೆಣ್ಣೆಯ ಸೀಸೆ. ಮಾವ ಅಂಗೈಗೆ ಎಣ್ಣೆ ಸುರಿದುಕೊಂಡು ಅತ್ತೆಯ ನೆತ್ತಿಗೆ ಒತ್ತಿ, ಬಾಚಿ, ಮೂರು ಎಳೆ ಮಾಡಿ ಜಡೆ ಹೆಣೆಯುತ್ತಿದ್ದರು. ಅತ್ತೆಯ ಕೈಗಳು ಮಡಿಲಲ್ಲಿದ್ದವು. ವಾತ ಹಿಡಿದು ಬೆರಳುಗಳು ಸೊಟ್ಟಗಾಗಿದ್ದವು. ಎಷ್ಟು ವರ್ಷಗಳಿಂದ ಹಾಗಿದ್ದವೋ! ಅವರು ಬಡಿಸಿದ್ದನ್ನು ಉಂಡು ಕೈ ತೊಳೆದು ಹೋಗುತ್ತಿದ್ದ ನಾನು ಒಮ್ಮೆಯೂ ನೋಡಿರಲಿಲ್ಲ.

"ಸಾಕು ಬಿಡ್ರಿ, ಭುಜ ನೊಂದಾತು."

"ಸುಮ್ನೆ ಕುಂದ್ರೇ. ಎರಡು ತಿಂಗಳ ಸಿಕ್ಕು ಐತೆ ಇಲ್ಲಿ."

ಕುಂತೋರ ತಲೆ ಮಟ್ಟ! ಡಾಕ್ಟರ ಎದುರು ಬಿಳಿಚಿಕೊಂಡ ಆ ಮುಖ ನೆನಪಾಯಿತು. ಹೆಜ್ಜೆ ಸದ್ದಿಗೆ ತಿರುಗಿದ ಮಾವ ಕಳ್ಳನ ಹಾಗೆ ನಾಚಿಕೊಂಡರು. ಕೈ ಮಾತ್ರ ಜಡೆ ಬಿಡಲಿಲ್ಲ.

"ಏನವ್ವಾ, ಎದ್ಯಾ? ನೋಡು, ನೆಟ್ಟಗೈತಾ?"

ಜಡೆ ಎಡಕ್ಕೆ ಎರಡು ಬೆರಳು ವಾಲಿತ್ತು.

"ಗೆರೆ ಎಳೆದಂಗೈತೆ ಮಾವ," ಎಂದು ಹೇಳಿ ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ ಕೂತೆ. ಆವತ್ತು ಮೊದಲ ಬಸ್ಸು ನನ್ನನ್ನು ಬಿಟ್ಟೇ ಹೋಯಿತು.