ಕುಂಕುಮ ಕೊಟ್ಟು ಕರೆದ ಇಂಜೆಕ್ಷನ್

ನಮ್ಮ ಅತ್ತೆಯನ್ನು ಕರೆದೊಯ್ಯಲು ಸಾಕ್ಷಾತ್ ಯಮನೇ ಬಂದರೂ ಅವಳು ಸುಲಭಕ್ಕೆ ಹೊರಡುವವಳಲ್ಲ. "ಕುಂಕುಮ ಎಲ್ಲಿದ್ದು? ಬರೀ ಬಾಯಲ್ಲಿ ಕರೆದ್ರೆ ಬಪ್ಪವಳಲ್ಲ ಆನು" ಎಂದು ಅಂಗಳದಿಂದಲೇ ವಾಪಸು ಕಳಿಸುತ್ತಾಳೆ. ಅವನ ಕೋಣಕ್ಕೆ ಮಾತ್ರ ಒಂದು ಹಿಡಿ ಹುಲ್ಲು ಹಾಕಿಯಾಳು. ಪಾಪ, ಅದಕ್ಕೇನು ರೀತಿ ರಿವಾಜು ಗೊತ್ತು!

ಅತ್ತೆಯ ಮನೆ ಕಾನಸೂರಿನ ಹತ್ತಿರ. ಕರೆಯುವ ಪದ್ಧತಿಯ ವಿಷಯದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಅವಳೇ ಸುಪ್ರೀಂ ಕೋರ್ಟು. ಬಾಗಿಲಿಗೆ ಹೋಗಬೇಕು, ಕುಂಕುಮ ಕೊಡಬೇಕು, ಮನೆಗೊಬ್ಬರು ಬರಬೇಕೋ ಮನೆಮಂದಿಯೆಲ್ಲ ಬರಬೇಕೋ ಬಿಡಿಸಿ ಹೇಳಬೇಕು. ಸಣ್ಣ ಪೂಜೆಗಾದರೆ ಮನೆಗೊಬ್ಬರು, ಮದುವೆಗಾದರೆ ಮನೆಮಂದಿಯೆಲ್ಲ. ಯಲ್ಲಾಪುರದ ನೆಂಟರೊಬ್ಬರು ಮದುವೆ ಕಾಗದದ ಫೋಟೋವನ್ನು ವಾಟ್ಸಾಪಿಗೆ ಹಾಕಿ ಕೈತೊಳೆದುಕೊಂಡರು. ಅತ್ತೆ ಏನು ಮಾಡಿದಳು ಗೊತ್ತೇ? ಮದುವೆಯ ದಿನ ರೇಷ್ಮೆ ಸೀರೆ ಉಟ್ಟು, ನನ್ನಿಂದ ತನ್ನದೊಂದು ಫೋಟೋ ತೆಗೆಸಿ ಅವರಿಗೆ ಕಳಿಸಿದಳು! "ಕರೆಯಲೆ ಫೋಟೋ ಬಂತು, ಮದ್ವೆಗೂ ಫೋಟೋ ಹೋತು" ಎಂದು ಮನೆಯಲ್ಲೇ ಆರಾಮಾಗಿ ಕಷಾಯ ಕುಡಿದಳು.

ಇಂಥವಳ ಊರಿಗೆ ಕೊರೊನಾ ಲಸಿಕೆ ಬಂತು. ಮೊದಲು ತಾಲೂಕಿನಿಂದ ಜಾಗೃತಿ ಜಾಥಾ. ದೀಪ ಬೆಳಗಿದರು, ಭಾಷಣ ಬಿಗಿದರು. ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಜಾಗೃತಿಯೂ ಮುಗಿಯಿತು. ಆಮೇಲೆ ಆಟೋದ ಮೈಕು "ಅರ್ಹ ಫಲಾನುಭವಿಗಳು ಸದುಪಯೋಗಪಡಿಸಿಕೊಳ್ಳಬೇಕು" ಎಂದು ಕೂಗುತ್ತ ಹೋಯಿತು. ಅದು ಬೇರೆ ಯಾರಿಗೋ ಹೇಳಿದ್ದಿರಬೇಕೆಂದು ಜನ ಎಂದಿನಂತೆ ಸೊಪ್ಪು ತರಲು ಬೆಟ್ಟ ಹತ್ತಿದರು.

ಊರಿನ ಆಶಾ ಕಾರ್ಯಕರ್ತೆ ಅತ್ತೆಯ ಜಗಲಿಗೆ ಬಂದು ಕುಸಿದು ಕೂತಳು. "ಅಮ್ಮಾ, ಒಬ್ಬರೂ ಬರೂದಿಲ್ಲ ಅಂತಾರೆ. ಎಷ್ಟು ಅಂತ ಕರೆಯೂದು?"

"ನೀವು ಎಲ್ಲಿ ಕರೆದ್ರಿ?"

"ಮೈಕಲ್ಲಿ ಕೂಗಿಸಿದ್ವಲ್ಲ!"

"ಮೈಕಲ್ಲಿ ಕೂಗಿದ್ರೆ ಅದು ಕರೆಯೋದೇನೆ ಮಾರಾಯ್ತಿ? ಹರಾಜು!"

ಆಶಾ ನಕ್ಕಳು. ನಕ್ಕವಳು ದನಿ ಇಳಿಸಿ, "ಆಚೆಮನೆ ಅಮ್ಮನಂತೂ ಬಾಗಿಲೇ ತೆಗೀಲಿಲ್ಲ" ಎಂದಳು. ಅತ್ತೆಯ ನಗು ನಿಂತಿತು.

ಆಚೆಮನೆ ಅಮ್ಮ ಎಂದರೆ ಅತ್ತೆಯ ವಾರಗಿತ್ತಿ, ನಾವು ಕರೆಯುವುದು ದೊಡ್ಡತ್ತೆ. ಎರಡೂ ಮನೆಗಳ ನಡುವೆ ಒಂದು ಗಿಡ್ಡ ಗೋಡೆ. ಅತ್ತೆ ತನ್ನ ಮಗಳ ಮದುವೆಗೆ, ನಮ್ಮವರಿಗೇನು ಉಪಚಾರ ಎಂದು, ಆ ಗೋಡೆಯ ಮೇಲಿಂದಲೇ "ಬನ್ನಿ" ಎಂದು ಕೂಗಿದ್ದಳಂತೆ. ದೊಡ್ಡತ್ತೆ ಬರಲಿಲ್ಲ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಅತ್ತೆಗೆ ಈ ಕುಂಕುಮದ ಹುಚ್ಚು ಹಿಡಿದದ್ದೂ ಅಂದಿನಿಂದಲೇ. ದೊಡ್ಡತ್ತೆಗೆ ಉಬ್ಬಸ ಬೇರೆ. ಈ ರೋಗ ತಗುಲಿದರೆ ಆಕೆ ಉಳಿಯುವುದು ಕಷ್ಟ ಎಂದು ಶಿರಸಿಯ ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು. ಆಚೆಯಿಂದ ಕೆಮ್ಮು ಕೇಳಿದರೆ ಅತ್ತೆ ಗೊಣಗುತ್ತಿದ್ದಳು. ಕೇಳದಿದ್ದರೆ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಯಾಕೆಂದು ಕೇಳಿದರೆ, "ಬೆಕ್ಕು ಎಲ್ಲಿ ಹೋತು ನೋಡ್ತಾ ಇದ್ದಿದ್ದು" ಎನ್ನುವಳು. ಅವಳ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಮರುದಿನವೇ ದಿಗ್ವಿಜಯ ಶುರು. ನನ್ನ ಸ್ಕೂಟಿ, ಹಿಂದೆ ಮಾಸ್ಕು ಕಟ್ಟಿದ ಅತ್ತೆ, ಅವಳ ಕೈಯಲ್ಲಿ ಕುಂಕುಮದ ಭರಣಿ. "ನಾಳೆ ಶಾಲೆಲ್ಲಿ ಇಂಜೆಕ್ಷನ್ನು. ತಪ್ಪದೆ ಬರವು" ಎನ್ನುವವರೆಗೆ ಎಲ್ಲ ಸರಿ. ಆದರೆ ನಾಲಿಗೆಗೆ ಅಭ್ಯಾಸವಾದದ್ದು ಬಿಟ್ಟೀತೇ? ಪ್ರತಿ ಮನೆಯಲ್ಲೂ ಕೊನೆಗೆ "ಮನೆಗೊಬ್ರು" ಎಂದು ಸೇರಿಸಿಬಿಟ್ಟಳು!

ಸರಿ, ಮನೆಗೊಬ್ಬರು ಬಂದರು. ಅದೂ ಯಾರು? ಊರಿನ ಎಲ್ಲ ಪೂಜೆಗೂ ಮನೆಯ ಪರವಾಗಿ ಉಂಡು ಬರುವ ಅದೇ ಗಂಡಸರು, ಹೆಗಲ ಮೇಲೆ ಶಾಲು ಸಮೇತ. ಅವರಲ್ಲೊಬ್ಬರು ಪೇಟೆಯಲ್ಲಿ ಆಗಲೇ ಚುಚ್ಚಿಸಿಕೊಂಡಿದ್ದರೂ, ಕರೆದ ಮೇಲೆ ಬರದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಬಂದಿದ್ದರು. ಇನ್ನೊಬ್ಬರು ತೋಳು ಉಜ್ಜಿಕೊಳ್ಳುತ್ತ, "ಯಂಗೆ ಆತಲ, ಇನ್ನು ಮನೆಯವ್ಕೆಲ್ಲ ಆದಾಂಗೇ" ಎಂದು ಮನೆಯವರೆಲ್ಲರ ಪರವಾಗಿ ಘೋಷಿಸಿದರು. ಆಶಾ ಹಣೆ ಚಚ್ಚಿಕೊಂಡಳು.

ಅತ್ತೆ ಸೋಲುವವಳೇ? ಮತ್ತೆ ಸ್ಕೂಟಿ, ಮತ್ತೆ ಭರಣಿ. ಈ ಸಲ ಮದುವೆಯ ಮಟ್ಟದ ಕರೆ: "ಮನೆಮಂದಿಯೆಲ್ಲ ಬರವು. ಕಷಾಯ, ಅವಲಕ್ಕಿ ಅಲ್ಲೇ." ಮೇಲಿನಮನೆಯ ಭಾವನೊಬ್ಬ ಅಡ್ಡ ನಿಂತ. ಕೊಟ್ಟಿಗೆಯ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಬಂದರೆ ಎಲ್ಲರಿಗಿಂತ ಮುಂದೆ ಓಡುವವನು ಅವನೇ. ಈಗ ಮಾತ್ರ ಮೊಬೈಲು ತೋರಿಸಿ, ಚುಚ್ಚಿಸಿಕೊಂಡರೆ ಮೈಯೆಲ್ಲ ಅಯಸ್ಕಾಂತವಾಗಿ ಚಮಚ ಅಂಟಿಕೊಳ್ಳುತ್ತದೆ ಎಂದ.

"ಹಂಗಾದ್ರೆ ದನಕ್ಕೆ ಎಂತಕ್ಕೆ ಹಾಕಿಸ್ದೆ ಭಾವ?" ಎಂದಳು ಅತ್ತೆ.

"ದನದ್ದೇ ಬೇರೆ. ಅದಕ್ಕೆ ಎಂತ ಗೊತ್ತಾಗ್ತು?"

"ಅದೂ ಹೌದು. ಪಾಪ, ಅದ್ರ ಹತ್ರ ಮೊಬೈಲ್ ಇಲ್ಲೆ."

ಅವನ ಹೆಂಡತಿ ಒಳಗೆ ಎಷ್ಟು ನಕ್ಕಳೆಂದರೆ, ಮರುದಿನ ಅವಳೇ ಗಂಡನನ್ನು ಮುಂದೆ ಮಾಡಿಕೊಂಡು ಬಂದಳು. ಚುಚ್ಚಿಸಿಕೊಂಡ ಮೇಲೆ ಅತ್ತೆ ಅವನ ತೋಳಿಗೆ ಅವಲಕ್ಕಿಯ ಚಮಚ ಹಿಡಿದು ನೋಡಿದಳು. ಅಂಟಲಿಲ್ಲ!

ಶಾಲೆಯ ಅಂಗಳದಲ್ಲಿ ಜನ ದೂರದೂರ ಸಾಲು ನಿಂತಿದ್ದರು. ಗೆದ್ದ ಅತ್ತೆ ಬೀಗಬೇಕಿತ್ತು, ಬೀಗಲಿಲ್ಲ. ಗೇಟಿನ ಕಡೆ ನೋಡುವುದು, ಕಷಾಯ ಸೋಸುವುದು, ಮತ್ತೆ ಗೇಟಿನ ಕಡೆ ನೋಡುವುದು. "ಯಾರ ದಾರಿ ಕಾಯ್ತಾ ಇದ್ದೆ ಅತ್ತೆ?" ಎಂದರೆ ರೇಗಿದಳು. ಆ ಒಂದು ಬಾಗಿಲಿಗೆ ಮಾತ್ರ ಅವಳು ಹೋಗಿರಲಿಲ್ಲ. ಕೊನೆಗೆ ಡಬ್ಬಿಯಲ್ಲಿ ಇನ್ನು ಸ್ವಲ್ಪವೇ ಔಷಧ ಉಳಿದಿದೆ ಎಂದು ಆಶಾ ಹೇಳಿದಳು. ಸೌಟು ಅಲ್ಲೇ ಬಿತ್ತು. "ತಂಗೀ, ಸ್ಕೂಟಿ ತೆಗಿ!" ಎಂದು ನನ್ನನ್ನು ಕೂಗಿದಳು.

ಮನೆಗೆ ಹೋಗಿ ಆ ರೇಷ್ಮೆ ಸೀರೆಯನ್ನೇ ಉಟ್ಟಳು. ಗೋಡೆಯ ಪಕ್ಕದ ಸಂದಿನಲ್ಲಿ ನುಗ್ಗಿದರೆ ಆಚೆಮನೆ. ಅತ್ತೆ ಹಾಗೆ ಹೋಗಲಿಲ್ಲ. ರಸ್ತೆಗೆ ಇಳಿದು, ಸುತ್ತುಹಾಕಿ, ಎದುರು ಬಾಗಿಲಿಗೇ ಹೋದಳು. ನಾನು ಹಿಂದೆಯೇ ನಡೆದೆ.

ದೊಡ್ಡತ್ತೆ ಬಾಗಿಲು ತೆಗೆದಳು. ಮೂರೂ ತಾಲೂಕಿಗೆ ಕರೆಯುವುದನ್ನು ಕಲಿಸಿದ ನನ್ನ ಅತ್ತೆ ಕರೆಯುವುದನ್ನೇ ಮರೆತು ಭರಣಿಯನ್ನು ಮುಂದೆ ಹಿಡಿದಳು. ಅವಸರಕ್ಕೆ ಅದು ವಾಲಿ ಕುಂಕುಮವೆಲ್ಲ ಹೊಸ್ತಿಲ ಮೇಲೆ ಚೆಲ್ಲಿತು.

ದೊಡ್ಡತ್ತೆ ಅದನ್ನು ನೋಡಿದಳು. ಆಮೇಲೆ ಏದುಸಿರಿನ ನಡುವೆಯೇ ಕೇಳಿದಳು: "ಮನೆಗೊಬ್ರು ಬರವಾ, ಮನೆಮಂದಿಯೆಲ್ಲವಾ?"

"ನೀನೊಬ್ಳೇ ಬಂದ್ರೆ ಸಾಕು ಅಕ್ಕಾ" ಎಂದಳು ಅತ್ತೆ, ಅಳುತ್ತ. "ಉಳಿದವ್ರನ್ನೆಲ್ಲ ಸುಮ್ನೆ ಕರೆದಿದ್ದು."

ದೊಡ್ಡತ್ತೆ ಹಣೆ ಮುಂದೆ ಮಾಡಿದಳು.