ಸರಸ್ವತಿ ಪೂಜೆಗೆ ಮೊದಲೇ ಎರೆದ ಎಲಚಿ ಹಣ್ಣು

ಬಂಗಾಳದ ಲೇಕ್ ಗಾರ್ಡನ್ಸ್ ಬಡಾವಣೆಯ ಪುಟಾಣಿ ಶಾಲೆಯೊಂದಕ್ಕೆ ನಾನು ಮುಖ್ಯ ಶಿಕ್ಷಕಿಯಾಗಿ ನೇಮಕಗೊಂಡ ವಾರವೇ ಸಂಕ್ರಾಂತಿ ಬಂದಿತು. ನಾಯಕತ್ವವನ್ನು ಪ್ರದರ್ಶಿಸಲು ಇದಕ್ಕಿಂತ ಪ್ರಶಸ್ತವಾದ ಸಂದರ್ಭ ದೊರೆಯದೆಂದು ನಾನು ಪ್ರಾಮಾಣಿಕವಾಗಿ ನಂಬಿದೆ. ನಮ್ಮ ಮೈಸೂರಿನ ಕಡೆ ಅಂದು ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರುಗಳನ್ನು ಎರೆದು ಆರತಿ ಮಾಡುವುದುಂಟು. ಅದನ್ನೇ ಶಾಲೆಯಲ್ಲಿ ನೆರವೇರಿಸಲು ತೀರ್ಮಾನಿಸಿದೆ.

"ಅಲ್ಲಿರೋ ಟೀಚರ್‌ಗಳನ್ನ ಒಂದ್ ಮಾತು ಕೇಳಿದ್ಯೇನೇ?" ಎಂದರು ನನ್ನ ಯಜಮಾನರು.

"ಎಲ್ಲಕ್ಕೂ ಅವರನ್ನೇ ಕೇಳೋದಾದ್ರೆ ನನ್ನನ್ನ ಯಾಕ್ರೀ ಮುಖ್ಯಸ್ಥೆ ಮಾಡ್ತಿದ್ರು?"

ಅವರು ಸುಮ್ಮನಾದರು. ಸುಮ್ಮನಾಗುವುದು ಅವರ ಅಭ್ಯಾಸ. ಅದನ್ನು ಸಮ್ಮತಿಯೆಂದು ತಿಳಿಯುವುದು ನನ್ನದು.

ಮಣೆಯ ಮೇಲೆ ಮೊದಲು ಕುಳಿತವನು ನಾಲ್ಕು ವರ್ಷದ ಟುಟುಲ್. ಬುಟ್ಟಿಯನ್ನು ಬಗ್ಗಿಸಿದೆ. ಹಣ್ಣುಗಳು ಉರುಳಿದವು. ನಮ್ಮೂರಿನಲ್ಲಾದರೆ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ಇಲ್ಲಿ ಎಲ್ಲರೂ ಹಾವು ಕಂಡವರಂತೆ ಹಿಂದೆ ಸರಿದರು! ಮಡಿಲಿಗೆ ಬಿದ್ದ ಹಣ್ಣೊಂದನ್ನು ಟುಟುಲ್ ಮಾತ್ರ ನಗುತ್ತಾ ಕಚ್ಚಿದ. ಉಳಿದ ಮಕ್ಕಳ ಮುಖ ನೋಡಿದ ಮರುಕ್ಷಣವೇ ಗೊಳೋ ಎಂದು ಅಳತೊಡಗಿದ.

ಹುಳಿಯಿರಬೇಕೆಂದು ಊಹಿಸಿ, ಬೀಜ ತೆಗೆದು, ಸಕ್ಕರೆ ಹಚ್ಚಿ ಇನ್ನೊಂದನ್ನು ಬಾಯಿಗಿಟ್ಟೆ. ಅಳು ಇಮ್ಮಡಿಯಾಯಿತು.

ಆಗ ಎಲ್ಲರೂ ‘ದಿ’, ಅಂದರೆ ಅಕ್ಕ, ಎಂದು ಸೇರಿಸಿ ಕರೆಯುವ ಸಹಶಿಕ್ಷಕಿ ಶರ್ಮಿಷ್ಠಾದಿ ನನ್ನ ಕಿವಿಯಲ್ಲಿ ವಿಷಯ ತಿಳಿಸಿದರು. ಬಂಗಾಳದಲ್ಲಿ ಓದುವ ಮಕ್ಕಳು ಸರಸ್ವತಿ ಪೂಜೆ ಮುಗಿಯುವವರೆಗೆ ಈ ಹಣ್ಣನ್ನು ಮುಟ್ಟುವುದಿಲ್ಲ. ತಿಂದರೆ ದೇವಿ ಮುನಿಯುತ್ತಾಳೆ, ವಿದ್ಯೆ ಹತ್ತುವುದಿಲ್ಲ. ಪೂಜೆಗೆ ಇನ್ನೂ ಎಷ್ಟೋ ದಿನಗಳಿದ್ದವು. ನಾನಾದರೋ ಒಂದಲ್ಲ, ಎರಡು ತಿನ್ನಿಸಿದ್ದೆ!

"ನಂಗಿನ್ನು ಓದೋಕೆ ಬರಲ್ಲ ಆಂಟಿ," ಎಂದು ಟುಟುಲ್ ಬಿಕ್ಕಿದ. ಅವನ ಪಕ್ಕದಲ್ಲಿ ನಿಲ್ಲಲು ಯಾವ ಮಗುವೂ ಒಪ್ಪಲಿಲ್ಲ. ಇದು ಕೇವಲ ನಂಬಿಕೆಯೆಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ. ಇನ್ನೂ ಮೂವರು ಅಳತೊಡಗಿದರು.

ಶರ್ಮಿಷ್ಠಾದಿ ನೆಲದ ಮೇಲೆ ಅವನೆದುರು ಕುಳಿತರು. ಚಿಕ್ಕಂದಿನಿಂದ ಒಮ್ಮೆಯೂ ಈ ನೇಮ ಮುರಿಯದ ಹೆಂಗಸು ಅವರು. ಒಂದು ಹಣ್ಣನ್ನೆತ್ತಿ, ಕಣ್ಣು ಮುಚ್ಚಿ ಕ್ಷಣಕಾಲ ಕೈಮುಗಿದು, ಬಾಯಿಗಿಟ್ಟು ಜಗಿದರು.

"ಈಗ ನಾನೂ ತಿಂದೆ, ಟುಟುಲ್. ಪೂಜೆಯ ದಿನ ಇಬ್ಬರೂ ಒಟ್ಟಿಗೆ ಹೋಗಿ ಸರಸ್ವತಿ ಅಮ್ಮನ ಹತ್ತಿರ ಮಾತಾಡೋಣ. ಆಯ್ತಾ?"

ಯಾವ ಆದೇಶವೂ ಇಲ್ಲದೆ ಉಳಿದಿಬ್ಬರು ಶಿಕ್ಷಕಿಯರೂ ಬಂದು ಕುಳಿತು ಒಂದೊಂದು ಹಣ್ಣು ತಿಂದರು. ಮಕ್ಕಳು ಒಬ್ಬೊಬ್ಬರಾಗಿ ಟುಟುಲ್‌ನ ಪಕ್ಕಕ್ಕೆ ಸರಿದು ಬಂದರು. ನಾಯಕತ್ವದ ಕುರಿತು ನಾನು ಓದಿದ್ದೆಲ್ಲವೂ ಆ ನೆಲದ ಮೇಲೆ, ಪದವಿಯಿಲ್ಲದೆ, ಚಕ್ಕಂಬಕ್ಕಳ ಹಾಕಿ ಕುಳಿತಿತ್ತು.

ಟುಟುಲ್ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದ. ಈಗ ಸರದಿ ನನ್ನದು. ಗಾಂಭೀರ್ಯದಿಂದ ಹಣ್ಣನ್ನೆತ್ತಿಕೊಂಡೆ. ಆದರೆ ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಮುಂದಿನ ವಾರ ನನ್ನ ಶಿಶುಶಿಕ್ಷಣ ಡಿಪ್ಲೊಮಾ ಪರೀಕ್ಷೆಯಿತ್ತು.

ಹಣ್ಣನ್ನು ಮುಷ್ಟಿಯಲ್ಲೇ ಅಡಗಿಸಿಕೊಂಡು, ಖಾಲಿ ಬಾಯಿಯನ್ನು ಬಹಳ ಹೊತ್ತು ಶ್ರದ್ಧೆಯಿಂದ ಜಗಿದೆ.