ಗಾಡಿ ತಗೊಳ್ಳಲ್ಲ, ಏನೀಗ?

ಬಸ್ಸನ್ನೇ ನಂಬಿದವರಿಗೆ ದಿನಕ್ಕೊಂದು ರಾಮಾಯಣ ತಪ್ಪಿದ್ದಲ್ಲ. ಶಿಕಾರಿಪುರ, ಸೊರಬದ ನಡುವೆ ಈಗ ಮನೆಗೊಂದು ಬೈಕು, ಬೀದಿಗೆರಡು ಕಾರು. ತಾಳಗುಂದದ ಹತ್ತಿರದ ನಮ್ಮೂರ ಕ್ರಾಸಿನಲ್ಲಿ ನಿಂತು ಬಸ್ಸಿಗೆ ಕೈ ಮಾಡುವ ನನ್ನನ್ನು ಕಂಡರೆ ಎಲ್ಲರಿಗೂ ಅಯ್ಯೋ ಪಾಪ. ನನಗೆ ಆ ಪಾಪ ಬೇಡ, ಬಸ್ಸು ಬೇಕು.

ಕೂತು ಹೋದ ಕರ್ಚೀಫು

ಒಂದು ಸಂತೆ ದಿನ ಸರ್ಕಾರಿ ಬಸ್ಸು ತುಂಬಿ ತುಳುಕುತ್ತಿತ್ತು. ಕಿಟಕಿ ಪಕ್ಕದವರು ಇಳಿಯಲು ಎದ್ದಿದ್ದನ್ನು ಕಂಡು ಹೊರಗಿನಿಂದಲೇ ಕರ್ಚೀಫು ಹಾಕಿ ಸೀಟು ಹಿಡಿದೆ. ಬಾಗಿಲಿಗೆ ಓಡಿದರೆ ಕಾಲಿಡಲು ಜಾಗವಿಲ್ಲ. ಬಸ್ಸು ಹೊರಟೇಬಿಟ್ಟಿತು. ಮರುದಿನ ಕಂಡಕ್ಟರ್ ಕರ್ಚೀಫು ಮಡಚಿ ಕೈಗಿಟ್ಟರು.

“ಸೊರಬದ ತನಕ ಕೂತ್ಕಂಡೇ ಬಂತು ನೋಡ್ರಿ. ಯಾರೂ ಎಬ್ಬಿಸ್ಲಿಲ್ಲ.”

“ಟಿಕೆಟ್ ತಗಂಡಿತ್ತೇನ್ರಿ?” ಎಂದೆ.

“ಹೆಂಗಸ್ರ ಕರ್ಚೀಫಲ್ವೇನ್ರಿ? ಫ್ರೀ.”

ಮ್ಯಾನೇಜರ ಮಂತ್ರ

ಕರ್ಚೀಫು ಒಂದೇ ಹೋದ ದಿನ ನಾನು ಸೊರಬದ ಆಫೀಸಿಗೆ ತಡವಾಗಿ ಮುಟ್ಟಿದೆ. ನಮ್ಮ ಮ್ಯಾನೇಜರು ಶಿಕಾರಿಪುರದಿಂದ ಕಾರಿನಲ್ಲಿ ಬರುವವರು. ಬಾಗಿಲಲ್ಲೇ ಅವರ ಮಂತ್ರ: “ಯಾಕ್ರೀ ತಡ? ಗಾಡಿ ತಗೊಳ್ರಿ.” ಅವತ್ತು ಅದಕ್ಕೊಂದು ಬಾಲವೂ ಸೇರಿತು. “ಇನ್ನೊಂದ್ಸಲ ತಡ ಆದ್ರೆ ಕೌಂಟರ್ ಬಿಟ್ಟು ಹಿಂದಿನ ಕೋಣೆಗೆ ಹೋಗ್ರಿ.”

ಜನರ ಜೊತೆ ಮಾತಾಡುವ ಆ ಕೌಂಟರೆಂದರೆ ನನಗೆ ಜೀವ. ಹಿಂದಿನ ಕೋಣೆಯಲ್ಲಿ ಮಾತಿಗೆ ಹಲ್ಲಿ ಬಿಟ್ಟರೆ ಯಾರೂ ಇಲ್ಲ. ಮೈಯೆಲ್ಲ ಉರಿದುಹೋಯಿತು.

“ಕೌಂಟರೂ ಬಿಡಲ್ಲ, ಬಸ್ಸೂ ಬಿಡಲ್ಲ ಸಾರ್.”

“ಬಸ್ಸೇ ನಿಮ್ಮನ್ನ ಬಿಟ್ಟು ಹೋಗ್ತದಲ್ರೀ!”

ನೆರಳಿಗೆ ನಿಂತ ಕಾರು

ಮುಂದಿನ ವಾರ ಕ್ರಾಸಿಗೆ ಬಂದರೆ ಬಸ್ ತಂಗುದಾಣದ ನೆರಳಲ್ಲಿ ಒಂದು ಕಾರು, ನಾವೆಲ್ಲ ಬಿಸಿಲಲ್ಲಿ. ನೋಡಿದರೆ ಮ್ಯಾನೇಜರದೇ! ಸಾಹೇಬರು ಎದುರಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದರು. ಅಷ್ಟರಲ್ಲಿ ಕುರಿ ಸಾಕುವ ಅಜ್ಜಿಯೊಬ್ಬರು ಟಗರು ಹಿಡಿದು ಬಂದರು. ಕಟ್ಟಲು ಬೇರೇನೂ ಕಾಣದೆ ಕಾರಿನ ಬಾಗಿಲ ಹಿಡಿಗೇ ಹಗ್ಗ ಬಿಗಿದರು.

ಮ್ಯಾನೇಜರು ಓಡಿ ಬಂದರು. “ಏಯ್, ಕಾರಿಗ್ಯಾಕಮ್ಮ ಕಟ್ಟಿದ್ದು?”

“ಇದು ಬಸ್ಸಿಗೆ ಕಾಯೋ ಜಾಗ ಅಲ್ವೇನಪ್ಪ? ನಿನ್ ಕಾರೂ ಬಸ್ಸಿಗೇ ಕಾಯ್ತೈತಿ ಅನ್ಕಂಡೆ.”

ಅವರು ಹಗ್ಗಕ್ಕೆ ಕೈ ಹಾಕಿದರೆ ಟಗರು ತಲೆ ತಗ್ಗಿಸಿ ಗುಮ್ಮಲು ನಿಂತಿತು. ಆಗಲೇ ಬಸ್ಸು ಬಂತು. ಟಗರಿಗೆ ಜಾಗವಿಲ್ಲ, ಮುಂದಿನ ಬಸ್ಸಿಗೆ ಬಾ ಅಜ್ಜಿ, ಎಂದರು ಕಂಡಕ್ಟರ್. ಅಜ್ಜಿ ತಂಗುದಾಣದಲ್ಲಿ ಕಾಲು ಚಾಚಿ ಕೂತರು.

“ಆಗ್ಲಿ, ಮೂವರೂ ಕಾಯ್ತೀವಿ.”

ನಾನು ಹತ್ತಿದೆ. ಸೀಟೂ ಸಿಕ್ಕಿತು.

ಊಟದ ಹೊತ್ತಿಗೆ ಮ್ಯಾನೇಜರು ಬೆವರೊರೆಸಿಕೊಳ್ಳುತ್ತ ಆಫೀಸಿನೊಳಗೆ ಬಂದರು. ಕೌಂಟರಿನ ಮುಂದೆ ಜನರ ಸಾಲು. ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ:

“ಯಾಕ್ ಸಾರ್ ತಡ? ಬಸ್ಸಿಗೆ ಬರ್ರಿ.”